ಕಡೆಯ ವೀಳ್ಯ

ಹಾಡಲು ಬಾರದವರಿಗೆ ಹಾಡಿನ ವಿಷಯದಲ್ಲಿ ಪಕ್ಷಪಾತ ಇರುವುದಿಲ್ಲ. ಈ ಒಂದು ಅರ್ಹತೆಯ ಬಲದ ಮೇಲೆ ನಾನು ಸೇಲಮಿನ ನಮ್ಮ ನೇಕಾರರ ಬೀದಿಯಲ್ಲಿ ನಡೆದ ಹುಡುಗಿಯರ ಹಾಡಿನ ಸ್ಪರ್ಧೆಗೆ ತೀರ್ಪುಗಾರಳಾದೆ. ಇನ್ನೊಂದು ಅರ್ಹತೆಯೂ ಇತ್ತೆನ್ನಿ: ಮದ್ರಾಸಿನಿಂದ ತಂದ ಬಿ.ಎ. ಪದವಿ. ಬೀದಿಯಲ್ಲಿ ಅದನ್ನು ಪಡೆದ ಹೆಂಗಸು ನಾನೊಬ್ಬಳೇ ಆದ್ದರಿಂದ ಅದು ಯಾವ ಯಾವ ಕೆಲಸಕ್ಕೆ ಬರುತ್ತದೆ ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಕಾಗದ ಓದಿಸಿಕೊಳ್ಳಲು ಬರುತ್ತಿದ್ದರು, ತಂತಿ ಬಂದರೆ ಓಡಿ ಬರುತ್ತಿದ್ದರು, ಒಮ್ಮೆ ಹಸುವಿಗೆ ಹೊಟ್ಟೆ ಉಬ್ಬರಿಸಿದಾಗಲೂ ಬಂದಿದ್ದರು. ಹಾಡಿಗೆ ಬಂದದ್ದರಲ್ಲಿ ಆಶ್ಚರ್ಯವೇನು?

ಕರೆಯಲು ಬಂದವನು ಈರಣ್ಣ. ಯುವಕರ ಸಂಘದ ಕಾರ್ಯದರ್ಶಿ. ಅವನ ಮನೆತನದವರು ತಾತನ ಕಾಲದಿಂದಲೂ ಬೀದಿಯಲ್ಲಿ ವೀಳ್ಯ ಕೂಗುವವರು. ಅಂದರೆ ಮದುವೆಯಲ್ಲೋ ಸಭೆಯಲ್ಲೋ ತಾಂಬೂಲದ ತಟ್ಟೆಯ ಪಕ್ಕ ನಿಂತು, ಯಾವ ಮನೆಯವರು ಬಂದು ತೆಗೆದುಕೊಳ್ಳಬೇಕೋ ಆ ಮನೆಯ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗುವವರು. ಸಂಘ ಹೊಸದು, ಗಂಟಲು ಹಳೆಯದು.

"ಜಡ್ಜು ನೀವೇ ಆಗ್ಬೇಕು ಅಕ್ಕ," ಎಂದ, ಹಕಾರ ನುಂಗಿ ಹಾಡಿಗೆ ಪಾಟ್ಟು ಎನ್ನುವ ನಮ್ಮ ಬೀದಿಯ ಕನ್ನಡದಲ್ಲಿ. "ಒರಗಿನೋರನ್ನ ಕರೆದ್ರೆ ತಮಿಳು ಪಾಟ್ಟಿಗೇ ಮಾರ್ಕು ಆಕ್ಬುಡ್ತಾರೆ. ನಮ್ಮೋರನ್ನ ಕೂರಿಸಿದ್ರೆ ಅವರವರ ಮನೆ ಉಡುಗೀರಿಗೇ ಆಕ್ತಾರೆ. ನಿಮಗೆ ಮನೇಲಿ ಉಡುಗೀರೂ ಇಲ್ಲ, ಬೀದೀಲಿ ಸ್ನೇಹಾನೂ ಇಲ್ಲ!"

ನಾನು ಇದನ್ನು ಹೊಗಳಿಕೆ ಎಂದೇ ಸ್ವೀಕರಿಸಿದೆ.

ಬಹುಮಾನ ದೊಡ್ಡ ಶೆಟ್ಟರದು. ಅವರು ಬೀದಿಯ ಯಜಮಾನರು, ನೂಲಿನ ವ್ಯಾಪಾರಿ. ಗೆದ್ದ ಹುಡುಗಿಗೆ ತಮ್ಮ ಖರ್ಚಿನಲ್ಲಿ, ತಮ್ಮ ಮನೆಯ ಜಗಲಿಯಲ್ಲಿ, ಹಾರ್ಮೋನಿಯಂ ವಾದ್ಯಾರರಿಂದ, ಅಂದರೆ ಮೇಷ್ಟರಿಂದ, ಒಂದು ವರ್ಷ ಸಂಗೀತ ಪಾಠ ಹೇಳಿಸುವುದಾಗಿ ಸಭೆಯಲ್ಲಿ ಮಾತು ಕೊಟ್ಟಿದ್ದರು. ಎರಡನೆಯವಳಿಗೂ ಮೂರನೆಯವಳಿಗೂ ಒಂದೊಂದು ಹಿತ್ತಾಳೆಯ ಕುಂಕುಮದ ಭರಣಿ. ಮೂವರಿಗೂ ವೀಳ್ಯ. ಶೆಟ್ಟರ ಮೊಮ್ಮಗಳು ಲೀಲಾ ಕೂಡ ಹಾಡುವವಳಿದ್ದಳು. ಆದರೆ ಶೆಟ್ಟರು ನನ್ನನ್ನು ಕರೆದು, "ನಮ್ಮ ಲೀಲಾ ಲೆಕ್ಕ ತುಂಬೋಕೆ ಅಷ್ಟೇ ತಾಯಿ. ನೀನು ನ್ಯಾಯ ನೋಡು," ಎಂದಿದ್ದರು. ಅವರು ಅದನ್ನು ಮನಸ್ಸಿನಿಂದಲೇ ಹೇಳಿದ್ದರು. ಇದನ್ನು ಬರೆದಿಡಲೇಬೇಕು. ಮುಂದೆ ಆದದ್ದರಲ್ಲಿ ಅವರ ಪಾಲು ಬಹಳ ಕಡಿಮೆ.

ಸ್ಪರ್ಧೆಯ ದಿನ ಬೆಳಿಗ್ಗೆ ಹಿಂದಿನ ಸಾಲಿನ ರಾಮಣ್ಣ ನಮ್ಮ ಮನೆಯ ಮುಂದೆ ಬಂದು ನಿಂತ. ಜಗಲಿ ಹತ್ತಲಿಲ್ಲ. ಅವನ ಮಗಳು ಸಾಕಮ್ಮ ಮನೆಯಲ್ಲಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ಹುಡುಗಿ. ರಾಟೆ ತಿರುಗಿಸುತ್ತ ಅವಳು ಹಾಡುವುದು ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು. ಎಷ್ಟೋ ಬೆಳಿಗ್ಗೆ ನಾನು ಕೈಯಲ್ಲಿದ್ದ ಪುಸ್ತಕದ ಒಂದೇ ಸಾಲನ್ನು ನೋಡುತ್ತ ಕುಳಿತದ್ದುಂಟು. ಈ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವ ಸ್ವಭಾವ ನನ್ನದಲ್ಲ.

"ಅಮ್ಮಣ್ಣಿ, ಒಂದೇ ಒಂದು ಕೇಳ್ತೀನಿ," ಎಂದ ರಾಮಣ್ಣ. "ನಾವು ಯಾವ ಮನೆಯೋರು ಅಂತ ನೋಡ್ಬೇಡಿ. ಪಾಟ್ಟು ಮಾತ್ರ ಕೇಳಿ. ಈ ವರ್ಸ ಅವಳಿಗೆ ವಾದ್ಯಾರು ಸಿಕ್ದೆ ಓದ್ರೆ ಬರೋ ವರ್ಸ ಅವಳು ಮಗ್ಗದ ಗುಂಡಿಗೆ ಇಳೀತಾಳೆ. ಆಮೇಲೆ ಪಾಟ್ಟೂ ಇಲ್ಲ, ಏನೂ ಇಲ್ಲ."

"ನಾನು ಹಾಡನ್ನಲ್ಲದೆ ಬೇರೇನೂ ಕೇಳುವುದಿಲ್ಲ," ಎಂದೆ. ಬಹಳ ಗಂಭೀರವಾಗಿಯೇ ಹೇಳಿದೆ. ಹೈಕೋರ್ಟಿನವರೂ ಅಷ್ಟು ಗಂಭೀರವಾಗಿ ಹೇಳಿರಲಾರರು!

ಅವನು ಹೋದ ಮೇಲೆ, ಹುಣಿಸೆಹಣ್ಣು ಬಿಡಿಸುತ್ತಿದ್ದ ನನ್ನ ಸೋದರತ್ತೆ ಪುಟ್ಟತ್ತೆ ತಲೆ ಎತ್ತಿದಳು.

"ಲೇ ಪದ್ದೂ, ಅವರು ಕಡೇ ವೀಳ್ಯದ ಮನೆಯೋರು, ಗೊತ್ತಾ? ಏನಾಯ್ತು ಅಂದ್ರೆ, ಅವರ ತಾತ ಇದ್ನಲ್ಲ..."

"ಅತ್ತೆ, ಸ್ಪರ್ಧಿಗಳ ಮನೆತನದ ವಿಷಯ ನನ್ನ ಕಿವಿಗೆ ಬೀಳಬಾರದು."

"ಅಯ್ಯೋ, ಕೇಳ್ಕೊಂಡ್ರೆ ಕಿವಿ ಕೊಳೆತೋಗುತ್ತಾ? ವೀಳ್ಯ ಕೊಡೋ ಜಾಗಕ್ಕೆ ಓಗ್ತಿದ್ದೀಯ. ಯಾರಿಗೆ ಕೊಡ್ತೀಯ, ಎಂಗೆ ಕೊಡ್ತೀಯ, ನಂಗಾದ್ರೂ ಏಳು."

"ಫಲಿತಾಂಶ ಗುಪ್ತ."

"ಇದ್ಕೋ ಗುಪ್ತವಾಗಿ," ಎಂದು ಅತ್ತೆ ಹುಣಿಸೆಬೀಜವೊಂದನ್ನು ದೂರ ಎಸೆದಳು.

ಆ ಬೀಜದ ಜೊತೆ ನನ್ನ ಮಾನವೂ ಅಂಗಳದಲ್ಲಿ ಬಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಮಧ್ಯಾಹ್ನ ಗುಡಿಯ ಮುಂದೆ ಚಪ್ಪರ ಹಾಕಿದ್ದರು. ನನಗೆಂದು ಶಾಲೆಯಿಂದ ತಂದ ಕುರ್ಚಿ ಎಷ್ಟು ಎತ್ತರವೆಂದರೆ ಕುಳಿತ ಮೇಲೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ನ್ಯಾಯಪೀಠವೆಂದರೆ ಹೀಗೆಯೇ ಇರಬೇಕು ಎಂದುಕೊಂಡೆ. ಶ್ರುತಿ, ತಾಳ, ಉಚ್ಚಾರಣೆ, ನಿಲುವು ಎಂದು ಸ್ಲೇಟಿನ ಮೇಲೆ ಮನೆಗಳನ್ನು ಗೀಚಿಕೊಂಡೆ. ಹಿಂದೆ ಕುಳಿತವರು ಇಣುಕಬಾರದೆಂದು ಸೆರಗು ಮುಚ್ಚಿಕೊಂಡೆ.

ಮೊದಲು ಹತ್ತಿರದ ಊರು ಮೇಚೇರಿಯ ಅಕ್ಕತಂಗಿಯರು ಬಂದರು. ಇಬ್ಬರೂ ಒಂದೇ ಹಾಡನ್ನು ಒಟ್ಟಿಗೆ ಆರಂಭಿಸಿ ಬೇರೆ ಬೇರೆಯಾಗಿ ಮುಗಿಸಿದರು. ಅವರ ತಾಯಿ ಎದ್ದು ನಿಂತು, ಸ್ಪರ್ಧೆಗೆ ಇಬ್ಬರನ್ನೂ ಒಬ್ಬಳೆಂದು ಎಣಿಸಬೇಕೆಂದೂ, ಬಹುಮಾನ ಬಂದರೆ ಇಬ್ಬರೆಂದೇ ಎಣಿಸಬೇಕೆಂದೂ ನನ್ನಲ್ಲಿ ವಿನಂತಿಸಿಕೊಂಡಳು. ಅದಿಯಮಾನ್‌ಕೋಟೆಯಿಂದ ಬಂದ ಹುಡುಗಿಯೊಬ್ಬಳು ತೊಪ್ಪೂರು ಘಾಟಿಯ ತಿರುವುಗಳಲ್ಲಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಬಸ್ಸಿನ ಕಿಟಕಿಯಿಂದ ಹೊರಹಾಕಿ ಬಂದಿದ್ದಳು. ಉಳಿದಿದ್ದದ್ದು ಸ್ವರ ಮಾತ್ರ. ಅದು ಚೆನ್ನಾಗಿತ್ತು. ಇನ್ನೊಬ್ಬಳು ಅತ್ತಳು, ಅಳು ಶ್ರುತಿಯಲ್ಲಿತ್ತು. ಲೀಲಾ ರೇಷ್ಮೆ ಲಂಗ ಉಟ್ಟು, ನೇರವಾಗಿ ನಿಂತು, ಪ್ರತಿ ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಹಾಡಿನಿಂದ ರಾಗವನ್ನು ಅಷ್ಟು ಅಚ್ಚುಕಟ್ಟಾಗಿ ಬೇರ್ಪಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ಉಚ್ಚಾರಣೆ, ನಿಲುವು ಎಂಬ ನನ್ನದೇ ಎರಡು ಮನೆಗಳು ಅವಳನ್ನು ಕೈಹಿಡಿದು ಮೂರನೆಯ ಸ್ಥಾನಕ್ಕೆ ತಂದವು. ನಾನೇ ಮಾಡಿದ ಕಾನೂನು, ಮುರಿಯುವಂತಿರಲಿಲ್ಲ.

ಕಡೆಗೆ ಸಾಕಮ್ಮ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ರಾಟೆ ತಿರುಗಿಸುತ್ತ ಹಾಡಿದಳು. ಅಜ್ಜಿಯಿಂದ ಕಲಿತ, ಕಂಡಿಕೆ ಸುತ್ತುವಾಗಿನ ಹಾಡು. ಮಗುವಿಗೆ ಮೊಲೆಯೂಡಿಸುತ್ತಿದ್ದವಳೊಬ್ಬಳು ಮಗುವನ್ನು ಮರೆತಳು. ಶೆಟ್ಟರ ಬಾಯಲ್ಲಿದ್ದ ಅಡಿಕೆ ಅಗಿಯದೆ ನಿಂತಿತು. ನಾನು ಸ್ಲೇಟಿನ ಮೇಲೆ ಏನು ಬರೆದೆನೋ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ.

ಇನ್ನು ಫಲಿತಾಂಶ. ಇಲ್ಲಿ ನನ್ನ ವಿದ್ಯೆ ಕೆಲಸಕ್ಕೆ ಬಂತು.

ನಮ್ಮ ಕಾಲೇಜಿನಲ್ಲಿ ಒಮ್ಮೆ ಭಾಷಣ ಸ್ಪರ್ಧೆ ನಡೆದಾಗ ಪ್ರಿನ್ಸಿಪಾಲ್ ದೊರೆಸಾನಿಯವರು ಮೂರನೆಯ ಬಹುಮಾನವನ್ನು ಮೊದಲು ಸಾರಿದರು, ಆಮೇಲೆ ಎರಡನೆಯದು, ಸಭೆಯೆಲ್ಲ ಉಸಿರು ಬಿಗಿಹಿಡಿದಾಗ ಮೊದಲನೆಯದು. ಆ ಸಲ ಮೂರನೆಯವಳು ನಾನೇ. ಎಲ್ಲರಿಗಿಂತ ಮೊದಲು ನನ್ನ ಹೆಸರು ಕರೆದಾಗ ಆದ ನಿರಾಸೆಯನ್ನು ನಾನು ನಾಗರಿಕತೆ ಎಂದು ತಿಳಿದುಕೊಂಡಿದ್ದೆ. ಈ ನಾಗರಿಕತೆಯನ್ನು ನಮ್ಮ ಬೀದಿಗೂ ತರಬೇಕೆಂದು ನಿಶ್ಚಯಿಸಿದ್ದೆ. ಸಾಕಮ್ಮನ ಹೆಸರು ಕಡೆಗೆ ಬರಬೇಕು. ಎಲ್ಲರೂ ಉಸಿರು ಬಿಗಿಹಿಡಿದಿರಬೇಕು. ರಾಮಣ್ಣನ ಮುಖವನ್ನು ನಾನು ಕುರ್ಚಿಯ ಮೇಲಿಂದ ನೋಡಬೇಕು.

ಈರಣ್ಣ ತಟ್ಟೆಯ ಪಕ್ಕ ನಿಂತು ನನ್ನ ಕಡೆಗೆ ಬಗ್ಗಿದ. ತಟ್ಟೆಯಲ್ಲಿ ಮೂರು ವೀಳ್ಯ. ಊದಲು ಶಂಖ ಸಿದ್ಧ.

"ಮೊದ್ಲು ಯಾರ್ನ ಕೂಗ್ಲಿ ಅಕ್ಕ?"

"ಲೀಲಾ," ಎಂದು ಪಿಸುಗುಟ್ಟಿದೆ.

ಅವನು ನನ್ನನ್ನೇ ನೋಡಿದ. "ಲೀಲಾನಾ? ನಿಜವಾ?"

"ಖಂಡಿತ."

"ಕಡೇಗೆ?"

"ಸಾಕಮ್ಮ."

"ಕಡೇಗೆ ಅವರೇನಾ..." ಅವನ ಮುಖ ಬಾಡಿತು. "ಯೋಚ್ನೆ ಮಾಡಿ ಏಳಿ ಅಕ್ಕ. ನಾನು ಕೂಗ್ಬುಟ್ರೆ ಆಯ್ತು."

"ಈರಣ್ಣ, ಯೋಚನೆ ಮಾಡಿಯೇ ಹೇಳುತ್ತಿದ್ದೇನೆ. ಈ ಪದ್ಧತಿಯಲ್ಲಿಯೇ ಅದರ ಸೊಗಸಿರುವುದು."

ಅವನು ಸೊಗಸನ್ನು ಹುಡುಕುವವನಂತೆ ಒಂದು ಸಲ ಆಕಾಶ ನೋಡಿದ. ನಾನು ಕುಳಿತಲ್ಲಿಂದಲೇ, ನನ್ನ ಎಂದಿನ ಮೆಲ್ಲನೆಯ ದನಿಯಲ್ಲಿ "ಮೂರನೆಯ ಬಹುಮಾನ, ಕುಮಾರಿ ಲೀಲಾ" ಎಂದೆ. ಮುಂದಿನ ಸಾಲಿನ ಇಬ್ಬರಿಗೆ ಕೇಳಿಸಿರಬಹುದು. ಅದರ ಮೇಲೆಯೇ ಈರಣ್ಣನ ಮನೆತನದ ಗಂಟಲು ತೆರೆಯಿತು.

"ಮೊದಲ ವೀಳ್ಯಾ! ದೊಡ್ಡ ಶೆಟ್ಟರ ಮನೇ!"

ಶಂಖ ಮೊಳಗಿತು. ಡೋಲು ಬಡಿಯಿತು. ಮೂರರಲ್ಲಿ ಇದು ಮೊದಲನೆಯದು ತಾನೇ, ಲೆಕ್ಕ ಸರಿಯಾಗಿಯೇ ಇದೆ ಎಂದುಕೊಂಡು ನಾನು ಮುಗುಳ್ನಕ್ಕೆ. ಶೆಟ್ಟರು ಕಣ್ಣೊರೆಸಿಕೊಂಡು ಮೊಮ್ಮಗಳ ಜೊತೆ ಬಂದು ವೀಳ್ಯ ಹಿಡಿದರು. "ಎರಡನೇ ವೀಳ್ಯಾ! ಅದಿಯಮಾನ್‌ಕೋಟೆ ಮನೇ!" ಮತ್ತೆ ಡೋಲು. ಆಮೇಲೆ ನಾನು ಬಯಸಿದ್ದ ಮೌನ ನಿಜವಾಗಿಯೂ ಬಂತು. ಸಭೆಯೆಲ್ಲ ಉಸಿರು ಬಿಗಿಹಿಡಿದಿತ್ತು. ನಾನು ರಾಮಣ್ಣನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

"ಕಡೇ ವೀಳ್ಯಾ," ಎಂದ ಈರಣ್ಣ. ಈ ಸಲ ಗಂಟಲು ಅಷ್ಟು ಏಳಲಿಲ್ಲ. "ರಾಮಣ್ಣನ ಮನೆ."

ಶಂಖ ಊದಲಿಲ್ಲ. ಡೋಲೂ ಇಲ್ಲ. ಹೆಂಗಸರ ಸಾಲಿನಿಂದ ಪುಟ್ಟತ್ತೆ ಎದ್ದು ಬಂದು ನನ್ನ ಕುರ್ಚಿಯ ಕೈ ಹಿಡಿದಳು.

"ಏನೇ ಮಾಡ್ಬುಟ್ಟೆ? ಮಗು ಅಷ್ಟು ಚೆಂದಾಗಿ ಪಾಟ್ಟು ಏಳ್ತು, ಅದಕ್ಕೆ ಕಡೇ ವೀಳ್ಯ ಕೊಡಿಸ್ತೀಯಾ?"

"ಅತ್ತೆ, ಅವಳೇ ಗೆದ್ದವಳು! ಅದಕ್ಕೇ ಕಡೆಗೆ ಕರೆಸಿದ್ದು!"

ಅತ್ತೆ ನನ್ನನ್ನು ದಿಟ್ಟಿಸಿದಳು. ಬೆಳಿಗ್ಗೆ ನಾನು ಕೇಳಿಸಿಕೊಳ್ಳದ ಕಥೆಯನ್ನು ಆಗ ಹಲ್ಲು ಕಚ್ಚಿಕೊಂಡು ಹೇಳಿದಳು. ರಾಮಣ್ಣನ ತಾತ ಒಂದು ಅಮಾವಾಸ್ಯೆಯ ದಿನ ಮಗ್ಗಕ್ಕೆ ಇಳಿದಿದ್ದನಂತೆ. ಮಗ್ಗ ಮುಟ್ಟಬಾರದ ದಿನ. ಅಂದಿನಿಂದ ಯಾವ ಸಭೆಯಲ್ಲೂ ಆ ಮನೆಗೆ ಎಲ್ಲರಿಗಿಂತ ಕಡೆಯಲ್ಲಿ ವೀಳ್ಯ. ಬೀದಿಯಲ್ಲಿ ಮೊದಲು ಕೂಗಿದ ಮನೆ ಮೇಲು, ಕಡೆಗೆ ಕೂಗಿದ ಮನೆ ತಪ್ಪಿನ ಮನೆ. ಅದಕ್ಕೇ ರಾಮಣ್ಣ ಯಾವ ಮದುವೆಯಲ್ಲೂ ಊಟ ಮುಗಿದು ವೀಳ್ಯ ಕೂಗುವವರೆಗೆ ನಿಲ್ಲುತ್ತಿರಲಿಲ್ಲ. ಈ ದಿನ ಬಂದದ್ದು, ಹಾಡಿಗೆ ತಾತ ಇರುವುದಿಲ್ಲ ಎಂಬ ನಂಬಿಕೆಯಿಂದ.

"ಬೀದೀಲಿ ಉಟ್ಟಿದವಳಿಗೆ ಇದೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹಾಸ್ಟೆಲು, ಆಮೇಲೆ ಮದ್ರಾಸು. ರಜೆಯಲ್ಲಿ ಮದುವೆಗಳಿಗೆ ಹೋದಾಗ ವೀಳ್ಯದ ಹೊತ್ತಿಗೆ ನಾನು ಯಾವುದಾದರೂ ಮೂಲೆಯಲ್ಲಿ ಪುಸ್ತಕ ಹಿಡಿದಿರುತ್ತಿದ್ದೆ.

ಕುರ್ಚಿಯಿಂದ ಧುಮುಕಿದೆ. ಎತ್ತರದ ಕುರ್ಚಿ, ಸ್ಲೇಟು ಬಿದ್ದು ಒಡೆಯಿತು. "ದಯವಿಟ್ಟು ಎಲ್ಲರೂ ಕೇಳಿ! ಮೂರನೆಯವಳನ್ನು ಮೊದಲು ಕರೆದದ್ದು. ಮೊದಲನೆಯವಳನ್ನು ಕಡೆಗೆ ಕರೆದದ್ದು. ಕಡೆಯದೇ ಮೊದಲು, ಮೊದಲಿನದೇ ಕಡೆ!"

ಸಭೆ ನನ್ನನ್ನು ಕರುಣೆಯಿಂದ ನೋಡಿತು. "ಪಾವಮ್, ರೊಂಬ ಓದ್ಬುಟ್ಟೈತೆ," ಎಂದಳು ಒಬ್ಬ ಅಜ್ಜಿ, ಓದು ಅತಿಯಾದದ್ದೇ ರೋಗವೆಂಬಂತೆ.

"ಹಾಗಾದರೆ ಮತ್ತೆ ಮೊದಲಿನಿಂದ ಕೂಗಿಬಿಡೋಣ," ಎಂದೆ. ಇದು ಆ ದಿನದ ನನ್ನ ಎರಡನೆಯ ಸುಧಾರಣೆ.

ಶೆಟ್ಟರ ಮುಖ ಕೆಂಪಾಯಿತು. "ಕೈಗೆ ಬಂದ ವೀಳ್ಯ ಇಂದಕ್ಕೆ ಕೊಟ್ರೆ ಏನರ್ಥ ತಾಯಿ? ನಮ್ಮನೇನೂ ತಪ್ಪಿನ ಮನೆ ಅಂತಾನಾ? ನಾನು ಕೇಳಿದ್ನಾ? ನೀನೇ ಕರೆದೆ, ನೀನೇ ಕೊಡಿಸ್ದೆ."

ಅದಿಯಮಾನ್‌ಕೋಟೆಯ ಹುಡುಗಿಯ ತಂದೆ ಎದ್ದು, "ಎಂಗಾದ್ರೂ ಕೂಗ್ಕೊಳ್ಳಿ ಸಾಮಿ, ನಮ್ಮದು ಯಾವ ಕಡೆಯಿಂದ ಎಣಿಸಿದ್ರೂ ಎರಡೇ! ಬಸ್ಸಿಗೆ ಒತ್ತಾಯ್ತು," ಎಂದು ಭರಣಿಯನ್ನು ಮಡಿಲಿಗೆ ಸೇರಿಸಿಕೊಂಡ. ಆ ಸಂಜೆ ನನ್ನ ತೀರ್ಪಿನಿಂದ ಪೂರ್ತಿ ತೃಪ್ತನಾದವನು ಅವನೊಬ್ಬನೇ. ಮೇಚೇರಿಯ ತಾಯಿ, ಇಷ್ಟೆಲ್ಲ ಗೊಂದಲವಾಗಿರುವಾಗ ತನ್ನ ಇಬ್ಬರು ಹುಡುಗಿಯರಿಗೂ ಒಂದೊಂದು ವೀಳ್ಯ ಕೊಟ್ಟರೆ ತಪ್ಪೇನು ಎಂದು ಕೇಳಿದಳು.

ಈ ನಡುವೆ ರಾಮಣ್ಣ ಮಗಳ ಕೈ ಹಿಡಿದು ಎದ್ದಿದ್ದ. ನನ್ನ ಮುಂದೆ ಬಂದಾಗ ನಿಂತ. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಪಾಟ್ಟು ಕೇಳಿ ಅಂತ ಕೇಳ್ಕೊಂಡೆ ಅಮ್ಮಣ್ಣಿ. ಕೇಳಿಯೂ ಇಂಗೇ ಮಾಡಿದ್ರಲ್ಲ."

ಸಾಕಮ್ಮ ನನ್ನನ್ನು ನೋಡಿದಳು. "ಅಕ್ಕ, ನಾನು ಎಲ್ಲಿ ತಪ್ದೆ?"

"ಎಲ್ಲೂ ತಪ್ಪಲಿಲ್ಲ."

"ಮತ್ತೆ?"

ಬಿ.ಎ. ಪರೀಕ್ಷೆಯಲ್ಲಿ ಇಷ್ಟು ಚಿಕ್ಕ ಪ್ರಶ್ನೆ ಒಂದೂ ಬಂದಿರಲಿಲ್ಲ. ಅವರಿಬ್ಬರೂ ಚಪ್ಪರ ದಾಟಿ ಹೋದರು. ಅವರ ವೀಳ್ಯ ತಟ್ಟೆಯಲ್ಲೇ ಉಳಿಯಿತು. ಅದು ಎಲ್ಲಿಗೆ ಹೋಯಿತೆಂದು ಆಮೇಲೆ ಹೇಳುತ್ತೇನೆ.

ಮೊದಲ ವೀಳ್ಯದ ಜೊತೆ ಸಂಗೀತದ ಪಾಠವೂ ಲೀಲಾಳ ಪಾಲಾಯಿತು. ಮರುದಿನ ಶೆಟ್ಟರ ಮನೆಗೆ ಹೋದೆ. ಅವರ ಮನೆ ನಮ್ಮ ಮನೆಯ ಎದುರಿಗೇ. ಅವರು ನನ್ನನ್ನು ಚಾಪೆ ಹಾಸಿ ಕೂರಿಸಿದರು. "ಇಬ್ಬರಿಗೂ ಒಟ್ಟಿಗೆ ಪಾಠ ಹೇಳಿಸಬಹುದಲ್ಲ?" ಎಂದೆ.

"ಬರಲಿ ತಾಯಿ, ನಾನೇನು ಬೇಡ ಅಂತೀನಾ? ವಾದ್ಯಾರಿಗೆ ಒಂದು ತಲೆ ಆದ್ರೇನು, ಎರಡು ತಲೆ ಆದ್ರೇನು? ಆದ್ರೆ ಮೊದಲ ವೀಳ್ಯ ತಕ್ಕೊಂಡ ಮನೆ ಜಗಲಿಗೆ, ಕಡೇ ವೀಳ್ಯ ಬಿಟ್ಟೋದವನು ಮಗಳನ್ನ ಕಳಿಸ್ತಾನಾ? ಕೇಳಿ ನೋಡು."

ಕೇಳಿ ನೋಡಿದೆ. ರಾಮಣ್ಣ ಮಗ್ಗದ ಗುಂಡಿಯಲ್ಲಿ ಕುಳಿತಿದ್ದ. ಲಾಳಿ ನಿಲ್ಲಿಸಲಿಲ್ಲ. ನಾನು ಹೇಳಿದ್ದಕ್ಕೆಲ್ಲ ಲಾಳಿಯೇ ಅತ್ತಿಂದಿತ್ತ ಓಡಾಡಿ ಉತ್ತರ ಹೇಳಿತು. ಕಡೆಗೊಮ್ಮೆ, "ನೀವು ಕೆಟ್ಟವರಲ್ಲ ಬಿಡಿ ಅಮ್ಮಣ್ಣಿ," ಎಂದ. "ಶೆಟ್ಟರೂ ಕೆಟ್ಟವರಲ್ಲ. ನಮ್ಮ ತಾತನೂ ಒಳ್ಳೆಯೋನೇ. ಮಳೆಗಾಲ ಬರೋಕ್ ಮುಂಚೆ ಸೀರೆ ಮುಗಿಸ್ಬೇಕು ಅಂತ ಇಳಿದಿದ್ದ." ಮೂಲೆಯಲ್ಲಿ ಸಾಕಮ್ಮ ಕಂಡಿಕೆ ಸುತ್ತುತ್ತಿದ್ದಳು. ರಾಟೆಯ ಸದ್ದು ಮಾತ್ರ ಬರುತ್ತಿತ್ತು.

ಹೊರಗೆ ಬಂದಾಗ ದಾರಿಯಲ್ಲಿ ಲೀಲಾ ಸಿಕ್ಕಳು. ಕಣ್ಣು ಕೆಂಪಾಗಿತ್ತು.

"ಅಕ್ಕ, ನಂಗ್ಯಾಕೆ ಕೊಡಿಸ್ದೆ? ನಂಗೆ ಪಾಟ್ಟು ಬೇಡ. ಆ ವಾದ್ಯಾರು ತಪ್ಪಿದ್ರೆ ತಲೆ ಮೇಲೆ ಕುಟ್ತಾರಂತೆ!"

ಹೀಗೆ ನಾನು, ಬೇಕಾದವಳಿಂದ ಕಿತ್ತು ಬೇಡವಾದವಳಿಗೆ ಕೊಡುವ ಕೆಲಸವನ್ನು ಇಬ್ಬರ ಮನಸ್ಸನ್ನೂ ನೋಯಿಸಿ, ಯಾವ ಪಕ್ಷಪಾತವೂ ಇಲ್ಲದೆ, ಸಂಪೂರ್ಣ ನ್ಯಾಯವಾಗಿ ಮುಗಿಸಿದೆ.

ಈಗ ದಿನವೂ ಬೆಳಿಗ್ಗೆ ಎದುರು ಮನೆಯಲ್ಲಿ ಹಾರ್ಮೋನಿಯಂ ಏಳುತ್ತದೆ. ಹಿಂದೆಯೇ ಲೀಲಾಳ ಉಚ್ಚಾರಣೆ ಏಳುತ್ತದೆ. ವಾದ್ಯಾರರು ಕುಟ್ಟುವುದು ನಮ್ಮ ಜಗಲಿಗೆ ತಾಳಬದ್ಧವಾಗಿ ಕೇಳಿಸುತ್ತದೆ. ಅಪ್ಪ ಕಿಟಕಿ ಮುಚ್ಚಿಕೊಂಡು ಕಾಫಿ ಕುಡಿಯುತ್ತಾರೆ. ಪುಟ್ಟತ್ತೆ ಅಡಿಗೆಮನೆಯಿಂದ, "ಇವತ್ತು ಎಷ್ಟು ಮಾರ್ಕು ಆಕ್ದೆ ಪದ್ದೂ?" ಎನ್ನುತ್ತಾಳೆ. ನೆಂಟರು ಬಂದರೆ, "ಒಂದು, ಎರಡು, ಮೂರು ಅಂತ ನಾವು ಇಲ್ಲೇ ಕಲ್ತೋ. ಇವಳನ್ನ ಅಷ್ಟು ದೂರ ಕಳಿಸಿದ್ರೆ ಮೂರು, ಎರಡು, ಒಂದು ಅಂತ ಕಲ್ಸಿ ಕಳಿಸವ್ರೆ," ಎಂದು ನನ್ನನ್ನು ಪರಿಚಯ ಮಾಡಿಕೊಡುತ್ತಾಳೆ. ಹಿತ್ತಲಿನಲ್ಲಿ ಈಗ ನಾನು ಪುಸ್ತಕದ ಪುಟಗಳನ್ನು ಯಾವ ಅಡ್ಡಿಯೂ ಇಲ್ಲದೆ ಬೇಗ ಬೇಗ ಓದಿ ಮುಗಿಸುತ್ತೇನೆ. ಅಲ್ಲಿ ಬಹಳ ಮೌನ.

ಸಂಘದವರು ಮಾತ್ರ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದಾರೆ. ಬಿ.ಎ. ಓದಿದ್ದರೂ ಹಿರಿಯರ ಮನೆಗೆ ಮೊದಲ ಮರ್ಯಾದೆ ಕೊಟ್ಟಳು ಎಂದು ಬೀದಿಯಲ್ಲಿ ನನಗೆ ಹೆಸರು ಬಂದಿದೆ. ಮುಂದಿನ ಸಲಕ್ಕೂ ನಾನೇ ತೀರ್ಪುಗಾರಳಾಗಬೇಕೆಂದು ಈರಣ್ಣ ಬಂದು ಹೋದ.

ಇನ್ನು ಆ ತಟ್ಟೆಯ ವೀಳ್ಯ.

ರಾಮಣ್ಣ ಹೋದ ಮೇಲೆ ಚಪ್ಪರ ಬರಿದಾಗತೊಡಗಿತು. ಈರಣ್ಣ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಕೂಗಿದ ವೀಳ್ಯ ತಟ್ಟೆಯಲ್ಲಿ ಉಳಿದರೆ ತಟ್ಟೆ ಗುಡಿಯೊಳಗೆ ಹೋಗುವಂತಿಲ್ಲವಂತೆ. ಯಾರಾದರೂ ತೆಗೆದುಕೊಳ್ಳಲೇಬೇಕು. ಒಬ್ಬೊಬ್ಬರ ಮುಂದೆಯೂ ಹಿಡಿದ. ಕಡೆಯ ವೀಳ್ಯಕ್ಕೆ ಕೈ ಚಾಚುವವರು ಯಾರು? ಡೋಲಿನವನು ಸಹ ಡೋಲು ಎತ್ತಿಕೊಂಡು ಜಾರಿಕೊಂಡ.

"ನೀವೇ ಇಡೀರಿ ಅಕ್ಕ," ಎಂದ ಈರಣ್ಣ, ಸಂಕೋಚದಿಂದ. "ನೀವು ಓದಿದೋರು. ನಿಮಗೆ ಇದೆಲ್ಲ ನಂಬಿಕೆ ಇರಲ್ಲ."

ಎರಡೂ ಕೈ ಚಾಚಿ ತೆಗೆದುಕೊಂಡೆ. ತಪ್ಪಿನ ಮನೆಗೆ ಸಲ್ಲುವ ವೀಳ್ಯ. ಎರಡನೆಯದನ್ನು ಬಿಟ್ಟರೆ, ಆ ಸಂಜೆಯ ಮೂರರಲ್ಲಿ ಸರಿಯಾದ ಕೈಗೆ ಸೇರಿದ್ದು ಅದೊಂದೇ.